ತಾಡಪತ್ರಿ ತೊಟ್ಟಿ, ಆರು ಬೈ ನಾಲ್ಕು ಬೈ ನಾಲ್ಕು

ವಾರದಲ್ಲಿ ಆರು ದಿನ ನಾನು ಬಾಗಲಕೋಟೆ ನವನಗರದಲ್ಲಿ ಬೈಕ್ ಸೀಟ್ ಕವರ್ ಹೊಲಿಯುತ್ತೇನೆ. ಭಾನುವಾರ ಪಾಸ್ಟರ್. ನಮ್ಮದು ಸಣ್ಣ ಬ್ಯಾಪ್ಟಿಸ್ಟ್ ಸಭೆ. 38 ಸದಸ್ಯರು, ತಗಡಿನ ಶೆಡ್ಡು, ಅಂಗಳದಲ್ಲಿ ಒಂದು ಬೇವಿನ ಮರ. ನಾಲ್ಕು ವರ್ಷದ ಹಿಂದೆ ದೀಕ್ಷಾಸ್ನಾನಕ್ಕೆ, ಅಂದರೆ ಕ್ರಿಸ್ತನನ್ನು ನಂಬಿದವರನ್ನು ನೀರಲ್ಲಿ ಪೂರ್ತಿ ಮುಳುಗಿಸಿ ಎತ್ತುವ ವಿಧಿಗೆ ಅಂತ ಒಂದು ತಾಡಪತ್ರಿ ತೊಟ್ಟಿ ಮಾಡಿಸಿದೆವು. ಅದರ ಬಗ್ಗೆ ಜಮಖಂಡಿಯಿಂದ, ಮುಧೋಳದಿಂದ, ಅಷ್ಟೇ ಯಾಕೆ, ಸಿಂದಗಿಯಿಂದಲೂ ಪಾಸ್ಟರ್‌ಗಳು ಫೋನ್ ಮಾಡಿ ಕೇಳುತ್ತಾರೆ. ಎಷ್ಟಾಯ್ತು, ಸೋರುತ್ತಾ, ಎಷ್ಟು ನೀರು ಬೇಕು. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಬಾಯಿ ಒಣಗಿದೆ. ಅದಕ್ಕೆ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲೇ ಅಂಕ ಹೇಳಿಬಿಡ್ತೀನಿ. ಐದಕ್ಕೆ ಮೂರೂವರೆ. ಒಂದು ಅಂಕ ಅಂಗಡಿಯವರ ಹೊಲಿಗೆಗೆ ಹೋಯಿತು. ಉಳಿದ ಅರ್ಧ ನನ್ನ ಅಳತೆಗೆ ಹೋಯಿತು, ಅದು ನನ್ನದೇ ತಪ್ಪು.

ನಮ್ಮ ಊರಿಗೆ ನೀರಿನ ಬರವೇ ಇಲ್ಲ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನುಂಗಿದೆ. ಅದಕ್ಕೇ ಅಲ್ವಾ ಈ ನವನಗರ, ಈ ಸೆಕ್ಟರ್ ನಂಬರ್‌ಗಳು ಹುಟ್ಟಿದ್ದು. ಆದರೆ ಆ ನೀರು ವರ್ಷವಿಡೀ ಒಂದೇ ಕಡೆ ನಿಲ್ಲುವುದಿಲ್ಲ. ಮಳೆಗಾಲ ಮುಗಿಯುವಾಗ ದಂಡೆಗೆ ಬಂದು ನಿಂತಿರುತ್ತದೆ. ಏಪ್ರಿಲ್ ಹೊತ್ತಿಗೆ ದೂರ ಸರಿದುಹೋಗಿ ನಡುವೆ ಬರೀ ಎರೆಮಣ್ಣಿನ ಕೆಸರು. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲುದ್ದ ಇಳಿಯುತ್ತದೆ. ನಮ್ಮವರಿಗೆ ಸ್ನಾನ ಬೇಕಾಗುವುದು ಈಸ್ಟರ್‌ಗೆ. ಈಸ್ಟರ್ ಬರುವುದು ಆ ಕೆಸರಿನ ದಿನಗಳಲ್ಲೇ.

ಅದಕ್ಕೇ ಮೊದಲೆಲ್ಲ ಕೊರ್ತಿ-ಕೊಲ್ಹಾರ ಸೇತುವೆ ಹತ್ತಿರ ಕೃಷ್ಣೆಗೆ ಹೋಗುತ್ತಿದ್ದೆವು. ಬಾಡಿಗೆ ಟೆಂಪೊ, ದಾರಿಯುದ್ದಕ್ಕೂ ಹಾಡು, ಬರುವಾಗ ಕೊಲ್ಹಾರದ ಗಡಿಗೆ ಮೊಸರು. ಹುಡುಗರನ್ನು ಕೇಳಿದರೆ ಸ್ನಾನಕ್ಕಿಂತ ಮೊಸರಿನ ನೆನಪೇ ಜಾಸ್ತಿ. ಹೊಳೆ ಚೆಂದ, ಇಲ್ಲ ಅನ್ನಲ್ಲ. ಆದರೆ ಕೃಷ್ಣೆಯಲ್ಲಿ ಮೊಸಳೆ ಇವೆ. ತಳ ಕಾಣುವುದಿಲ್ಲ. ದಂಡೆ ಮೇಲೆ ಗುರುತಿಲ್ಲದವರು ಬೈಕ್ ನಿಲ್ಲಿಸಿ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾರೆ, ಒದ್ದೆ ಸೀರೆಯ ಹೆಣ್ಣುಮಕ್ಕಳು ಎಲ್ಲಿ ಹೋಗಬೇಕು? ಒಂದು ವರ್ಷ ಒಬ್ಬ ತಾಯಿಗೆ ಸ್ನಾನ ಕೊಡುವಾಗ ಅವರ ಕಾಲು ಜಾರಿತು. ಸೊಂಟದ ಮಟ್ಟದ ನೀರಿನಿಂದ ಇಬ್ಬರೂ ಕುತ್ತಿಗೆ ಮಟ್ಟಕ್ಕೆ ಹೋದೆವು. ನನಗೆ ಈಜು ಬರುತ್ತದೆ, ಅವರಿಗೆ ಬರುವುದಿಲ್ಲ. ಅವರು ನನ್ನ ಕತ್ತು ತಬ್ಬಿದ್ದಾರೆ, ನಾನು ಕಾಲಿಗೆ ನೆಲ ಹುಡುಕುತ್ತಿದ್ದೇನೆ. ದಂಡೆಯಲ್ಲಿದ್ದವರು ಇನ್ನೂ ಚಪ್ಪಾಳೆ ತಟ್ಟಿ ಹಾಡುತ್ತಲೇ ಇದ್ದರು. ಏನೋ ವಿಶೇಷ ಆಶೀರ್ವಾದ ನಡೆದಿದೆ ಅಂದುಕೊಂಡಿದ್ದರಂತೆ.

ಆ ರಾತ್ರಿ ನಿದ್ದೆ ಬರಲಿಲ್ಲ. ತೊಟ್ಟಿ ಕಟ್ಟಿಸೋಣ ಅಂತ ಮೇಸ್ತ್ರಿಯನ್ನು ಕರೆದು ಕೇಳಿದೆ. ಟೈಲ್ಸ್ ಎಲ್ಲ ಸೇರಿ 1,10,000 ಅಂದರು. ನಮ್ಮ ಸಭೆಯ ಕಾಣಿಕೆ, ದಶಮಾಂಶ (ಗಳಿಕೆಯಲ್ಲಿ ಹತ್ತರಲ್ಲೊಂದು ಪಾಲು) ಎಲ್ಲ ಕೂಡಿಸಿದರೂ ತಿಂಗಳಿಗೆ 15 ಸಾವಿರ ಮುಟ್ಟುವುದಿಲ್ಲ. ಶೆಡ್ ಜಾಗವೂ ಬಾಡಿಗೆಯದು. ಬಾಡಿಗೆ ಜಾಗದಲ್ಲಿ ಕಾಂಕ್ರೀಟ್ ಹಾಕಿದರೆ ನಾಳೆ ಮಾಲೀಕರಿಗೆ ಈಜುಕೊಳ ಆಗುತ್ತದೆ, ಅಷ್ಟೇ.

ತಾಡಪತ್ರಿ ಐಡಿಯಾ ಬಂದದ್ದು ವಿಜಯಪುರದಲ್ಲಿ. ಅಲ್ಲಿ ದ್ರಾಕ್ಷಿ ಬೆಳೆಗಾರರಿಗೆ ಬೇಕಾದ ಅಳತೆಗೆ ತಾಡಪತ್ರಿ ಮಾಡಿಕೊಡುವ ಅಂಗಡಿಗಳಿವೆ. ಒಣದ್ರಾಕ್ಷಿ ಶೆಡ್ಡಿಗೆ, ಕೃಷಿಹೊಂಡಕ್ಕೆ, ಮೀನು ಸಾಕುವ ತೊಟ್ಟಿಗೆ. ನಾನು ಸೀಟಿನ ರೆಕ್ಸಿನ್ ತರಲು ಹೋಗಿದ್ದವನು ಮೀನಿನ ತೊಟ್ಟಿ ನೋಡಿ ಅಲ್ಲೇ ನಿಂತೆ. ಮೀನು ನಿಲ್ಲುವ ನೀರಲ್ಲಿ ಮನುಷ್ಯ ನಿಲ್ಲಬಾರದಾ?

ಆದರೆ ನಾನೊಬ್ಬನೇ ತೀರ್ಮಾನ ಮಾಡಿ ತರುವ ಹಾಗಿಲ್ಲ. ನಮ್ಮಲ್ಲಿ ಬಿಷಪ್ಪರಿಲ್ಲ, ಮೇಲಿನಿಂದ ಆರ್ಡರ್ ಬರುವುದಿಲ್ಲ. ಸಭೆ ಕೂಡಬೇಕು, ಮಾತಾಡಬೇಕು, ಕೈ ಎತ್ತಬೇಕು. ಹೊಸದಾಗಿ ಸೇವೆಗೆ ಬಂದ ತಮ್ಮಂದಿರು ಇದನ್ನೊಂದು ಕಿರಿಕಿರಿ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಭಾನುವಾರ 23 ಜನ ಕೂತಿದ್ದರು. ನಾನು ಮೊಬೈಲ್‌ನಲ್ಲಿ ಮೀನಿನ ತೊಟ್ಟಿಯ ಫೋಟೊ ತೋರಿಸಿದೆ. ನಮ್ಮ ಹಿರಿಯ ಡೀಕನ್, ಅಂದರೆ ಸಭೆಯ ಕೆಲಸ ನೋಡಿಕೊಳ್ಳುವವರು, ಕನ್ನಡಕ ಏರಿಸಿ ನೋಡಿ, "ಏನ್ರಿ ಪಾಸ್ಟರ, ಎಮ್ಮಿಗೆ ನೀರ ಕುಡಿಸೂ ತೊಟ್ಟಿ ಆದಂಗ ಆತಲ್ರಿ ಇದು. ಇದರಾಗ ಸ್ನಾನ ಕೊಡಾವ್ರ?" ಅಂದರು.

ಎಲ್ಲರೂ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ಹಿಂದಿನ ಸಾಲಿನಿಂದ ತರಕಾರಿ ಮಾರುವ ಅಕ್ಕ ಹೇಳಿದರು: "ಕರ್ತಾ ಹುಟ್ಟಿದ್ದು ಗ್ವಾದಲ್ಯಾಗಲ್ರಿ ಯಜಮಾನ್ರ. ಎಮ್ಮಿ ತೊಟ್ಟಿ ಅಂದ್ರ ಏನಾತು?"

17 ಕೈ ಪರವಾಗಿ ಎದ್ದವು, ಆರು ವಿರುದ್ಧ. ಡೀಕನ್ ವಿರುದ್ಧವೇ ಎತ್ತಿದರು. ಆದರೆ ಮರುವಾರ ಮೊದಲ 500 ರೂಪಾಯಿ ಕೊಟ್ಟವರೂ ಅವರೇ. ಈಗ ತೊಟ್ಟಿಯ ಪೈಪುಗಳ ಬೀಗದ ಕೈ ಅವರ ಹತ್ತಿರವೇ ಇದೆ. ಅವರನ್ನು ಕೇಳದೆ ನಾನೂ ಮುಟ್ಟುವ ಹಾಗಿಲ್ಲ. ಕಿಸೆಯಲ್ಲಿ ದುಡ್ಡಿದ್ದರೂ ಇಂಥದ್ದನ್ನು ಪಾಸ್ಟರ್ ಒಬ್ಬರೇ ಕೊಳ್ಳಬೇಡಿ. ಪಾಸ್ಟರ್ ಕೊಂಡದ್ದು ಪಾಸ್ಟರ್‌ದು ಆಗುತ್ತದೆ. ಹರಿದಾಗ ಹೊಲಿಯುವವನೂ ಅವನೇ, ಬೈಸಿಕೊಳ್ಳುವವನೂ ಅವನೇ.

ಈಗ ವಸ್ತುವಿನ ವಿಷಯ. ಬಟ್ಟೆ 650 ಜಿಎಸ್‌ಎಂ ಪಿವಿಸಿ. ಅಂದರೆ ಒಂದು ಚದರ ಮೀಟರ್ 650 ಗ್ರಾಂ ತೂಗುತ್ತದೆ. ಹೊಲದಲ್ಲಿ ರಾಶಿ ಮುಚ್ಚುವ ತೆಳು ತಾಡಪತ್ರಿ ಇದಕ್ಕೆ ನಡೆಯುವುದಿಲ್ಲ, ಒಂದೇ ಮೂಲೆ ಹರಿದರೆ ಶೆಡ್ಡೇ ಕೆರೆ. ನಾನು ರೆಕ್ಸಿನ್ ಮುಟ್ಟಿ ಮುಟ್ಟಿ ಬೆರಳು ಸವೆದವನು. ಬಟ್ಟೆ ನಿಜಕ್ಕೂ ಒಳ್ಳೆಯದಿತ್ತು. ಉಗುರಿನಿಂದ ಗೀರಿದರೆ ಬಿಳಿ ಗೆರೆ ಏಳಲಿಲ್ಲ, ಮಡಚಿದರೆ ಬಿರುಕು ಬಿಡಲಿಲ್ಲ. ಬಟ್ಟೆ ಮತ್ತು ಕೂಲಿಗೆ 7,800. ಒಂದು ಇಂಚಿನ ಜಿಐ ಪೈಪಿನ ಚೌಕಟ್ಟನ್ನು ನವನಗರದಲ್ಲೇ ವೆಲ್ಡಿಂಗ್‌ನವರಿಂದ ಮಾಡಿಸಿದೆ, 5,600. ಕೆಳಗೆ ನೀರು ಬಿಡುವ ನಲ್ಲಿಗೆ 450. ಒಟ್ಟು 13,850.

ಅಂಗಡಿ ಹೆಸರು ಹಾಕುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಮೂಲೆಗಳನ್ನು ಬಿಸಿಗಾಳಿಯಿಂದ ಬೆಸೆದು ಕೊಡಬೇಕು ಅಂತ ಮಾತಾಗಿತ್ತು. ಎರಡು ಮೂಲೆ ಬೆಸೆದಿದ್ದರು. ಇನ್ನೆರಡನ್ನು ಮಷಿನ್‌ನಲ್ಲಿ ಹೊಲಿದು ಮೇಲೆ ಟೇಪ್ ಅಂಟಿಸಿದ್ದರು. ನಾನು ದಿನಾ ಹೊಲಿಯುವವನು, ಆ ಹೊಲಿಗೆ ಎಷ್ಟು ನೇರ ಇತ್ತು ಅಂದರೆ ಅದನ್ನೇ ಮೆಚ್ಚಿಕೊಂಡು ಮನೆಗೆ ತಂದೆ. ಸೂಜಿ ಹೋದ ಕಡೆಯೆಲ್ಲ ತೂತು ಇರುತ್ತದೆ ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ! ಶನಿವಾರ ಸಂಜೆ ಮೂರು ಅಡಿ ನೀರು ತುಂಬಿಸಿದೆವು. ಭಾನುವಾರ ಬೆಳಗ್ಗೆ ನೋಡಿದರೆ ಎಂಟು ಇಂಚು ಇಳಿದಿತ್ತು. ಲೆಕ್ಕ ಹಾಕಿದರೆ 450 ಲೀಟರ್. ಬೇವಿನ ಮರ ಮಾತ್ರ ಖುಷಿಯಾಗಿತ್ತು.

ಫೋನ್ ಮಾಡಿದರೆ ಅಂಗಡಿಯವರು, "ತಾಡಪತ್ರಿ ಅಂದಮ್ಯಾಲ ಒಂಚೂರು ಜಿನಗತೈತ್ರಿ" ಅಂದರು. ಒಂಚೂರು! ಮತ್ತೆ ವಿಜಯಪುರಕ್ಕೆ ಹೊತ್ತುಕೊಂಡು ಹೋಗುವಷ್ಟು ವ್ಯವಧಾನ ಇರಲಿಲ್ಲ. ಪಂಕ್ಚರ್ ಅಂಗಡಿಯವರ ರಬ್ಬರ್ ಸೊಲ್ಯೂಷನ್ ಹಚ್ಚಿ ನೋಡಿದೆ, ಪಿವಿಸಿ ಮೇಲೆ ಅದು ಹಿಡಿಯುವುದಿಲ್ಲ, ಸಿಪ್ಪೆ ಸುಲಿದ ಹಾಗೆ ಎದ್ದು ಬಂತು. ಕೊನೆಗೆ ಕೈ ಹಿಡಿದದ್ದು ಫ್ಲೆಕ್ಸ್ ಬ್ಯಾನರ್ ಮಾಡುವ ಹುಡುಗ. ಬ್ಯಾನರ್ ಜೋಡಿಸುವ ಬಿಸಿಗಾಳಿ ಗನ್ ಅವನ ಹತ್ತಿರ ಇತ್ತು. ಎರಡೂ ಮೂಲೆಗೆ ಪಟ್ಟಿ ಇಟ್ಟು ಬೆಸೆದ, 200 ರೂಪಾಯಿ ತಗೊಂಡ. ಅವತ್ತಿನಿಂದ ಇವತ್ತಿನವರೆಗೆ ಆ ಎರಡು ಮೂಲೆಯಲ್ಲಿ ಒಂದು ಹನಿ ಬಂದಿಲ್ಲ. ನೀವು ಮಾಡಿಸುವಾಗ ಅಂಗಡಿಯಲ್ಲೇ ನಾಲ್ಕೂ ಮೂಲೆ ಬಿಚ್ಚಿ ನೋಡಿ. ದಾರ ಕಂಡರೆ ಬೇಡ ಅನ್ನಿ.

ಅಳತೆ ವಿಷಯದಲ್ಲಿ ನಾನು ಜಿಪುಣತನ ಮಾಡಿದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ. ಐದೂವರೆ ಅಡಿ ಮನುಷ್ಯನಿಗೆ ಆರು ಅಡಿ ಸಾಕು ಅಂತ ಲೆಕ್ಕ ಹಾಕಿದೆ. ಆದರೆ ಪಾಸ್ಟರ್ ಎಲ್ಲಿ ನಿಲ್ಲಬೇಕು? ಮಲಗುವವನ ಮೊಣಕಾಲು ಎಲ್ಲಿ ಹೋಗಬೇಕು? ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನಮ್ಮ ಉದ್ದದ ತಮ್ಮನೊಬ್ಬನನ್ನು ಹಿಂದಕ್ಕೆ ಮಲಗಿಸಿದಾಗ ಅವನ ತಲೆ ಪೈಪಿಗೆ ಟಣ್ ಅಂತ ತಾಗಿತು. ಸಭೆಗೆಲ್ಲ ಕೇಳಿಸಿತು. ಎದ್ದವನು ತಲೆ ಉಜ್ಜಿಕೊಳ್ಳುತ್ತಾ ಹಲ್ಲೆಲೂಯಾ ಅಂದ, ಪಾಪ. ಎಂಟು ಅಡಿ ಮಾಡಿಸಿ. ಈಗ ಪೈಪಿಗೆ ಹಳೇ ಸೀಟಿನ ಸ್ಪಂಜ್ ಸುತ್ತಿ ಹೊಲಿದಿದ್ದೇನೆ. ಆ ಕೆಲಸಕ್ಕಾದರೂ ನನ್ನ ಕಸುಬು ಬಂತು.

ನೀರಿನ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ. ನಾಲ್ಕು ಅಡಿ ಎತ್ತರ ಇದ್ದರೂ ಮೂರು ಅಡಿಗಿಂತ ಹೆಚ್ಚು ತುಂಬಿಸಬೇಡಿ. ಇಬ್ಬರು ಇಳಿದಾಗ ಏರುತ್ತದೆ, ಮುಳುಗಿಸಿದಾಗ ಅಲೆ ಹೊರಗೆ ಚೆಲ್ಲುತ್ತದೆ. ಆರು ನಾಲ್ಕಲಿ ಇಪ್ಪತ್ನಾಲ್ಕು, ಇಂಟು ಮೂರು, 72 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಸುಮಾರು 2,000 ಲೀಟರ್ ಆಯಿತು. ಎಂಟು ಅಡಿಯದ್ದಾದರೆ 2,700. ಟ್ರ್ಯಾಕ್ಟರ್ ಟ್ಯಾಂಕರ್ ಒಂದು ತರಿಸಿದರೆ ನೀರು ಮಿಕ್ಕುತ್ತದೆ. ಬೋರ್ ನೀರೂ ನಡೆಯುತ್ತದೆ, ಆದರೆ ನಮ್ಮ ಕಡೆ ಸವಳು ನೀರು, ಒಣಗಿದ ಮೇಲೆ ಬಟ್ಟೆ ಮೇಲೆ ಬಿಳಿ ಪುಡಿ ಕೂರುತ್ತದೆ. ಒರೆಸಿಯೇ ಮಡಚಬೇಕು.

2,000 ಲೀಟರ್ ಅಂದರೆ 2,000 ಕೆಜಿ. ಇದನ್ನು ಎರಡು ಸಲ ಓದಿ. ಒಬ್ಬ ಪಾಸ್ಟರ್ ಅಣ್ಣ, ಅವರ ಸಭೆ ನಡೆಯುವ ಮನೆಯ ಮಾಳಿಗೆ ಮೇಲೆ ಇಡುತ್ತೇನೆ ಅಂದರು. ನಾನು ಅಂಗಡಿ ಬಿಟ್ಟು ಬಸ್ ಹತ್ತಿ ಹೋಗಿ ನಿಲ್ಲಿಸಿದೆ. ಮನೆಯ ಸ್ಲ್ಯಾಬಿಗೆ ಸಾಮಾನ್ಯವಾಗಿ ಚದರ ಮೀಟರ್‌ಗೆ 200 ಕೆಜಿ ಲೆಕ್ಕದಲ್ಲಿ ಕಬ್ಬಿಣ ಹಾಕಿರುತ್ತಾರೆ. ಮೂರು ಅಡಿ ನೀರು ಚದರ ಮೀಟರ್‌ಗೆ 900 ಕೆಜಿ ಮೀರಿ ತೂಗುತ್ತದೆ. ಅದರ ಸುತ್ತ ಸಭೆಯವರು ನಿಂತು ಹಾಡುವುದು ಬೇರೆ. ನೆಲದ ಮೇಲೆ ಮಾತ್ರ ಇಡಿ, ಅದೂ ಮಟ್ಟಸ ನೆಲ. ಅಡಿಗೆ ಹಳೇ ಫ್ಲೆಕ್ಸ್ ಎರಡು ಪದರ ಹಾಸಿ, ಹರಳು ಚುಚ್ಚುವುದಿಲ್ಲ. ಉದ್ದದ ಎರಡು ಗೋಡೆಗಳ ನಡುಮಟ್ಟಕ್ಕೂ ಅಡ್ಡಪೈಪ್ ಹಾಕಿಸಿ, ಇಲ್ಲದಿದ್ದರೆ ತುಂಬಿದಾಗ ಬಸುರಿ ಹೊಟ್ಟೆ ಹಾಗೆ ಉಬ್ಬುತ್ತದೆ.

ಕರೆಂಟಿನ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. 2005ರಲ್ಲಿ ಅಮೆರಿಕದ ಟೆಕ್ಸಾಸ್‌ನ ವೇಕೊ ಊರಲ್ಲಿ ಒಂದು ಬ್ಯಾಪ್ಟಿಸ್ಟ್ ಸಭೆಯ ಪಾಸ್ಟರ್ ದೀಕ್ಷಾಸ್ನಾನದ ನೀರಲ್ಲಿ ನಿಂತೇ ಮೈಕ್‌ಗೆ ಕೈ ಹಾಕಿದರು. ಕರೆಂಟ್ ಹೊಡೆದು ತೀರಿಕೊಂಡರು. ಅಷ್ಟು ಮುಂದುವರಿದ ದೇಶದಲ್ಲಿ ಆದದ್ದು, ನಮ್ಮ ಶೆಡ್ಡುಗಳ ವೈರಿಂಗ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ವೈರ್ ಮೈಕ್ ತೊಟ್ಟಿಯಿಂದ ಹತ್ತು ಅಡಿ ದೂರ. ನೀರಲ್ಲಿ ನಿಂತವರು ಬಾಯಲ್ಲೇ ಹೇಳಲಿ, 38 ಜನಕ್ಕೆ ಮೈಕ್ ಯಾಕೆ? ಡಿಸೆಂಬರ್ ಚಳಿಗೆ ಕೆಲವರು ಕಾಯಿಸುವ ರಾಡ್ ಇಳಿಬಿಡುತ್ತಾರೆ. ಬೇಡವೇ ಬೇಡ. ಎರಡು ಹಂಡೆ ಬಿಸಿನೀರು ಕಾಯಿಸಿ ಸುರಿಯಿರಿ, ಚಳಿ ಮುರಿಯುತ್ತದೆ.

ಬಟ್ಟೆ ಬಗ್ಗೆ ನಮ್ಮ ಮನೆಯವಳು ಹೇಳಿದ್ದನ್ನೇ ಬರೆಯುತ್ತೇನೆ. ಸೀರೆ ಬೇಡ. ಇಳಕಲ್ ಸೀರೆ ಉಟ್ಟು ಇಳಿದರೆ ಗಾಳಿ ತುಂಬಿಕೊಂಡು ಕೊಡೆ ಹಾಗೆ ಮೇಲೆ ತೇಲುತ್ತದೆ, ಆ ತಾಯಿ ಸೀರೆ ಹಿಡಿದುಕೊಳ್ಳಬೇಕೋ ಪ್ರಾರ್ಥನೆ ಮಾಡಬೇಕೋ. ಬಿಳಿ ನಿಲುವಂಗಿ ಫೋಟೊದಲ್ಲಿ ಚೆಂದ, ಒದ್ದೆಯಾದರೆ ಮೈಯೆಲ್ಲ ಕಾಣುತ್ತದೆ. ನಾವು ಬನಹಟ್ಟಿಯಿಂದ ದಪ್ಪ ಹತ್ತಿ ಬಟ್ಟೆ ತರಿಸಿ ಕಡುನೀಲಿ ನಿಲುವಂಗಿ ಆರು ಹೊಲಿದಿದ್ದೇವೆ. ಕೆಳಗಿನ ಅಂಚಿನ ಮಡಿಕೆಯೊಳಗೆ ಸಣ್ಣ ಹರಳು ಸೇರಿಸಿ ಹೊಲಿದಿದೆ, ಮೇಲೆ ತೇಲುವುದಿಲ್ಲ. ಬಟ್ಟೆ ಬದಲಿಸಲು ಮೂರು ಕಡೆ ಪರದೆ, ಒಳಗೆ ಒಬ್ಬ ಹೆಣ್ಣುಮಗಳು ಟವೆಲ್ ಹಿಡಿದು ನಿಂತಿರಬೇಕು. ಇದನ್ನು ಪಾಸ್ಟರಮ್ಮನವರಿಗೆ ಬಿಡಿ. ನಾವು ಗಂಡಸರು ಇದರಲ್ಲಿ ತಲೆ ಹಾಕಿದಷ್ಟೂ ಕೆಡುತ್ತದೆ.

ಒದ್ದೆ ಪಿವಿಸಿ ಬಾಳೆಸಿಪ್ಪೆಗಿಂತ ಜಾರುತ್ತದೆ. ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಸಿಗುತ್ತದಲ್ಲ, ಅದನ್ನು ಕತ್ತರಿಸಿ ತಳಕ್ಕೆ ಹಾಕಿದೆ. ಡೀಕನ್ ನೋಡಿ, "ನಾ ಮೊದಲ ಹೇಳಿದ್ನೆಲ್ರಿ, ಎಮ್ಮಿ ತೊಟ್ಟಿ ಅಂತ" ಅಂದರು. ಆ ಮಾತಿಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.

ನಾಲ್ಕು ಅಡಿ ಗೋಡೆ ಹತ್ತಿ ಇಳಿಯುವುದೇ ದೊಡ್ಡ ಕೆಲಸ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಸಭೆಯ ಒಬ್ಬ ಅಜ್ಜಿಗೆ 74 ವರ್ಷ, ಎರಡೂ ಮೊಣಕಾಲು ನೋವು. ಎರಡು ವರ್ಷದಿಂದ ಸ್ನಾನ ತಗೋತೀನಿ ಅನ್ನುವುದು, ಹತ್ತಿರ ಬಂದಾಗ ಹಿಂದೆ ಸರಿಯುವುದು. ಕೊನೆಗೆ ಕಾರಣ ಹೇಳಿದರು. ನಂಬಿಕೆಯ ವಿಷಯ ಏನೂ ಇಲ್ಲ. "ಹಿಂದಕ್ಕ ಬೀಳಾಕ ಹೆದರಿಕಿ ಆಗತೈತ್ರಿ ಪಾಸ್ಟರ. ಹೊಳಿಯಾಗ ನಮ್ಮಣ್ಣ ಮುಳುಗಿ ಸತ್ತಾನ." ಎರಡು ವರ್ಷ ನಾನು ಅವರಿಗೆ ವಿಶ್ವಾಸದ ಬಗ್ಗೆ ಪಾಠ ಹೇಳಿದ್ದೆ. ಒಂದು ಸಲವೂ ಯಾಕೆ ಅಂತ ಕೂತು ಕೇಳಿರಲಿಲ್ಲ.

ವೆಲ್ಡಿಂಗ್‌ನವರ ಹತ್ತಿರ ಹೊರಗೆ ಮೂರು ಮೆಟ್ಟಿಲು ಮಾಡಿಸಿದೆ, ಕೈ ಹಿಡಿಯಲು ಪೈಪ್ ಸಮೇತ. ಒಳಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಸ್ಟೂಲ್ ಹಾಕಿದರೆ ಅದು ತೇಲಿತು! ಕಾಲಿಗೆ ಕಲ್ಲು ಕಟ್ಟಿದೆ, ನಿಂತಿತು. ಅಜ್ಜಿಯ ಇಬ್ಬರು ಸೊಸೆಯಂದಿರು ಎರಡೂ ಕಡೆ ಹಿಡಿದು ಇಳಿಸಿದರು. ಸ್ಟೂಲ್ ಮೇಲೆ ಕೂತಾಗ ನೀರು ಹೆಗಲಿಗೆ ಬಂತು. ಹಿಂದಕ್ಕೆ ಬೀಳಿಸುವ ಮಾತೇ ಇಲ್ಲ. ಅವರ ಎರಡು ಕೈ ನನ್ನ ಕೈಯಲ್ಲಿ, ಬೆರಳು ಕಡ್ಡಿಯ ಹಾಗೆ ಬಿಗಿಯಾಗಿದ್ದವು. ತಂದೆಯ ಮಗನ ಪವಿತ್ರಾತ್ಮನ ಹೆಸರು ಹೇಳಿದೆ. ಅವರೇ ಮುಂದಕ್ಕೆ ಬಗ್ಗಿದರು, ನೀರಿಗೆ ಮುಖ ತೊಳೆಯಲು ಬಗ್ಗುವ ಹಾಗೆ, ಹಾಗೇ ಪೂರ್ತಿ ಒಳಗೆ ಹೋದರು. ಬಿಳಿ ತುರುಬು ಬಿಚ್ಚಿ ಒಂದು ಕ್ಷಣ ನೀರ ಮೇಲೆ ಹರಡಿತು. ಎದ್ದು ಮುಖದ ನೀರು ಒರೆಸಿಕೊಂಡು ನನ್ನನ್ನೇ ನೋಡಿದರು. "ಇಷ್ಟೇನ್ರಿ? ಇದಕ್ಕ ಎರಡ ವರ್ಷ ಹೆದರೀನಲ್ಲ!"

ಈ ತೊಟ್ಟಿಗೆ ಇನ್ನೇನೂ ಆಗದಿದ್ದರೂ ಆ ಒಂದು ದಿನಕ್ಕೆ 13,850 ವಸೂಲಾಯ್ತು ಅಂತ ನನ್ನ ಲೆಕ್ಕ.

ಮಿಕ್ಕವರಿಗೆ ಹಿಂದಕ್ಕೆ ಮಲಗಿಸುವುದೇ ರೂಢಿ. ಹೊಸಬರಿಗೆ ಒಂದು ಉಪಾಯ ಹೇಳುತ್ತೇನೆ. ಸ್ನಾನ ತಗೊಳ್ಳುವವರು ಎರಡು ಕೈ ಎದೆ ಮೇಲೆ ಕಟ್ಟಿಕೊಳ್ಳಲಿ. ನಿಮ್ಮ ಒಂದು ಕೈ ಅವರ ಕುತ್ತಿಗೆಯ ಹಿಂದೆ, ಇನ್ನೊಂದು ಅವರ ಕೈಗಳ ಮೇಲೆ, ಅದರಲ್ಲೇ ಮೂಗಿಗೆ ಕರವಸ್ತ್ರ. "ಮಂಡಿ ಮಡಚಿ" ಅಂತ ಮೊದಲೇ ಹೇಳಿ. ಮಂಡಿ ಮಡಚದೆ ಮರದ ಹಲಗೆ ಹಾಗೆ ಬಿದ್ದರೆ 90 ಕೆಜಿ ಮನುಷ್ಯ ನಿಮ್ಮನ್ನೂ ಎಳೆದುಕೊಂಡು ಹೋಗುತ್ತಾನೆ. ಮಡಚಿದರೆ ನೀರೇ ಅರ್ಧ ಭಾರ ಹೊರುತ್ತದೆ. ಶನಿವಾರ ಒಣ ನೆಲದ ಮೇಲೆ ಒಂದು ಸಲ ಅಭ್ಯಾಸ ಮಾಡಿಸಿ, ನಾಚಿಕೆ ಪಡಬೇಡಿ. ಮತ್ತೆ ರಿಜಿಸ್ಟರ್. ಹೆಸರು, ವಯಸ್ಸು, ತಾರೀಖು, ಇಬ್ಬರು ಸಾಕ್ಷಿಗಳ ಸಹಿ. ನಮ್ಮಲ್ಲಿ 18 ತುಂಬಿರಬೇಕು, ಸ್ವಂತ ಮನಸ್ಸಿನಿಂದ ಅಂತ ಅವರ ಕೈಯಲ್ಲೇ ನಾಲ್ಕು ಸಾಲು ಬರೆಸುತ್ತೇವೆ. ಬರೆಯಲು ಬಾರದವರು ಸಭೆಯ ಮುಂದೆ ಬಾಯಿಂದ ಹೇಳಬೇಕು.

ನನ್ನ ಚಿಕ್ಕಪ್ಪ ಗುಳೇದಗುಡ್ಡದವರು. ಬಾಸೆಲ್ ಮಿಶನ್‌ನವರು 1851ರಲ್ಲೇ ಕೇಂದ್ರ ಮಾಡಿದ ಊರು ಅದು. ನಮ್ಮ ಮನೆತನವೆಲ್ಲ ಖಣ ನೇಯುತ್ತಾ ಅದೇ ಸಭೆಯಲ್ಲಿ ಬೆಳೆದದ್ದು, ಕೂಸಿದ್ದಾಗಲೇ ಹಣೆಗೆ ನೀರು ಹಾಕಿಸಿಕೊಂಡವರು. ನಾನೊಬ್ಬ ಬ್ಯಾಪ್ಟಿಸ್ಟ್ ಆಗಿ ಈಚೆ ಬಂದೆ. ಚಿಕ್ಕಪ್ಪ ತೊಟ್ಟಿ ನೋಡಲು ಬಂದು, "ಒಂದು ತಂಬಿಗಿ ನೀರಾಗ ಮುಗಿಯೂ ಕೆಲಸಕ್ಕ ಟ್ಯಾಂಕರ್ ತರಸ್ತೀಯಲ್ಲೋ" ಅಂತ ನಗಾಡಿದರು. ನಾನು ಜಗಳಕ್ಕೆ ಹೋಗಲಿಲ್ಲ. ಯಾಕಂದರೆ ನಮ್ಮ ಚರಿತ್ರೆಯೂ ಅಷ್ಟು ಸಲೀಸಿಲ್ಲ. 1609ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ಬ್ಯಾಪ್ಟಿಸ್ಟ್ ಸಭೆ ಕಟ್ಟಿದ ಜಾನ್ ಸ್ಮಿತ್ ದೊಡ್ಡವರಿಗೇ ಸ್ನಾನ ಕೊಟ್ಟರು ನಿಜ, ಆದರೆ ನೀರು ಸುರಿದು. ಪೂರ್ತಿ ಮುಳುಗಿಸುವ ರೂಢಿ ಇಂಗ್ಲೆಂಡಿನ ಬ್ಯಾಪ್ಟಿಸ್ಟರಲ್ಲಿ ನೆಲೆಯೂರಿದ್ದು 1640ರ ಆಸುಪಾಸು. ನಾನು ಮುಳುಗಿಸಿಯೇ ಕೊಡುತ್ತೇನೆ, ಅದು ನನ್ನ ನಂಬಿಕೆ. ಹಾಗಂತ ಚಿಕ್ಕಪ್ಪನ ಜೊತೆ ಊಟ ಬಿಡಲಾ?

ಈಗ ಫೋನಿನಲ್ಲಿ ಯಾರೂ ನೇರವಾಗಿ ಕೇಳದ, ಆದರೆ ಎಲ್ಲರ ಮನಸ್ಸಲ್ಲಿ ಇರುವ ಪ್ರಶ್ನೆ. ನಾಲ್ಕು ವರ್ಷದಲ್ಲಿ ಎಷ್ಟು ಜನ ಇಳಿದರು? ನಮ್ಮ ಸಭೆಯವರು 11. ಅಷ್ಟೇ. ಎರಡನೇ ವರ್ಷ ಒಬ್ಬರೂ ಇಲ್ಲ. ಆ ವರ್ಷ ಬೆಳಗಾವಿಯಲ್ಲಿ ಪಾಸ್ಟರ್‌ಗಳ ಕೂಟಕ್ಕೆ ಹೋಗಿದ್ದೆ. ಊಟದ ಸಾಲಿನಲ್ಲಿ ನಿಂತಾಗ ಒಬ್ಬರು ಈ ವರ್ಷ ನಮ್ಮಲ್ಲಿ 40 ಅಂದರು, ಇನ್ನೊಬ್ಬರು 60 ಅಂದರು. ನನ್ನ ಸರದಿ ಬಂದಾಗ ಚಪಾತಿ ಹಾಕಿ ಅಂದೆ. ಮನೆಗೆ ಬಂದು ಒಂದು ವಾರ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಅಂಥದ್ದರಲ್ಲಿ ಒಂದು ಬೆಳಗ್ಗೆ ನೋಡಿದರೆ ನಮ್ಮ ಮನೆಯವಳು ತೊಟ್ಟಿಯ ತಾಡಪತ್ರಿಯನ್ನು ತೊಳೆದು ಅಂಗಳದಲ್ಲಿ ಬಿಚ್ಚಿ ಹಾಸಿದ್ದಾಳೆ. ಮೇಲೆ ಬಿಳಿ ಪಂಚೆ, ಅದರ ಮೇಲೆ ಶ್ಯಾವಿಗೆ ಒಣಹಾಕಿದ್ದಾಳೆ. ಎರಡು ಓಣಿಯ ಹೆಣ್ಣುಮಕ್ಕಳದ್ದೂ ಸೇರಿ. ನನಗೆ ಸಿಟ್ಟು ಬಂತು. ಇದು ದೇವರ ಕೆಲಸದ್ದು ಅಂದೆ. ಅವಳು ಕಾಗೆ ಓಡಿಸುತ್ತಾ, "ಮಡಚಿ ಇಟ್ರ ಇಲಿ ಕಡೀತಾವು. ಇವ್ರೆಲ್ಲಾ ನಮ್ಮ ಅಂಗಳಕ್ಕ ಬಂದು ಕೂತಾರ, ಅದು ದೇವರ ಕೆಲಸ ಅಲ್ಲೇನ್ರಿ?" ಅಂದಳು. ಇಲಿ ವಿಷಯ ಅವಳು ಹೇಳಿದ ಹಾಗೇ ಆಯಿತು. ಮರು ಮಳೆಗಾಲದಲ್ಲಿ ಎರಡು ಕಡೆ ಕಡಿದವು. ಫ್ಲೆಕ್ಸ್ ಹುಡುಗ ಮತ್ತೆ 100 ರೂಪಾಯಿ ತಗೊಂಡ. ಈಗ ಗಂಟು ಕಟ್ಟಿ ತೊಲೆಗೆ ನೇತುಹಾಕಿದ್ದೇವೆ.

ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಶನರಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಅವರೂ ನನ್ನ ಹಾಗೆ ದಬ್ಬಳ ಹಿಡಿದವರೇ, ಊರಲ್ಲಿ ಚಪ್ಪಲಿ, ಬೂಟು ಹೊಲಿಯುತ್ತಿದ್ದರು. ಮೊದಲ ಬಂಗಾಳಿ ಮನುಷ್ಯನಿಗೆ ಅವರು ಸ್ನಾನ ಕೊಟ್ಟದ್ದು 1800ರ ಡಿಸೆಂಬರ್ 28ರಂದು, ಶ್ರೀರಾಂಪುರದ ಹೂಗ್ಲಿ ನದಿಯಲ್ಲಿ. ಕೃಷ್ಣ ಪಾಲ್ ಅಂತ, ಬಡಗಿ. ಏಳು ವರ್ಷಕ್ಕೆ ಒಬ್ಬರು. 1812ರಲ್ಲಿ ಅವರ ಪ್ರೆಸ್ಸಿಗೆ ಬೆಂಕಿ ಬಿದ್ದು ಎಷ್ಟೋ ಭಾಷೆಗಳ ಕೈಬರಹ ಸುಟ್ಟುಹೋಯಿತು, ಮತ್ತೆ ಕೂತು ಬರೆದರು. 1817ರಲ್ಲಿ ನಮ್ಮ ಕನ್ನಡಕ್ಕೂ ಒಂದು ವ್ಯಾಕರಣ ಅಚ್ಚು ಹಾಕಿದರು. ಬೆಳಗಾವಿಯ ಆ ಊಟದ ಸಾಲಿನಲ್ಲಿ 1799ರ ಕೇರಿ ನಿಂತಿದ್ದರೆ ಅವರೂ ಚಪಾತಿ ಹಾಕಿ ಅನ್ನಬೇಕಾಗಿತ್ತು. ಇದನ್ನು ಯೋಚಿಸಿದಾಗ ನನಗೆ ನಗು ಬಂತು, ನಕ್ಕ ಮೇಲೆ ಮನಸ್ಸು ಹಗುರಾಯಿತು. ನಿಮ್ಮ ತೊಟ್ಟಿಯೂ ಒಂದು ವರ್ಷ ತೊಲೆಗೆ ನೇತಾಡಬಹುದು. ಆ ವರ್ಷ ರೋಗಿಗಳ ಮನೆಗೆ ಹೋಗಿ, ಶನಿವಾರ ರಾತ್ರಿಯ ಬದಲು ಬುಧವಾರವೇ ಸಂದೇಶ ತಯಾರು ಮಾಡಿ, ಹೆಂಡತಿ ಮಕ್ಕಳ ಜೊತೆ ಒಂದು ದಿನ ಸುಮ್ನೆ ಕೂತುಕೊಳ್ಳಿ.

ಮುಗಿದ ಮೇಲಿನ ಕೆಲಸ ಮರೆಯಬೇಡಿ. ಅದೇ ದಿನ ನೀರು ಬಿಡಿ. ತುಂಬಿದ ತೊಟ್ಟಿಗೆ ಪಕ್ಕದ ಮನೆಯ ಮಗು ಹತ್ತಿ ಇಣುಕಿದ್ದನ್ನು ನಾನೇ ನೋಡಿದ್ದೇನೆ, ಎದೆ ಝಲ್ ಅಂತು. ಹಿಂದಿನ ರಾತ್ರಿ ತುಂಬಿಸಿದರೆ ಒಬ್ಬರು ಅಲ್ಲೇ ಮಲಗಲಿ. ವಾರಗಟ್ಟಲೆ ಬಿಟ್ಟರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಸೋಪು, ಬ್ಲೀಚಿಂಗ್ ಏನೂ ಹಾಕದಿದ್ದರೆ ಆ 2,000 ಲೀಟರನ್ನು ಗಿಡಕ್ಕೆ ಬಿಡಬಹುದು. ನಮ್ಮಲ್ಲಿ ಅಕ್ಕಪಕ್ಕದವರು ಕೊಡ ತಂದು ಬಟ್ಟೆ ಒಗೆಯಲು ಒಯ್ಯುತ್ತಾರೆ. ನೀರು ಬಿಡುವ ದಿನ ಮೊದಲೇ ಕೇಳಿ ಇಟ್ಟುಕೊಂಡಿರುತ್ತಾರೆ.

ಮಡಚಿದರೆ ಬಟ್ಟೆ ಆರೇಳು ಕೆಜಿ, ಪೈಪು ಸುಮಾರು 40 ಕೆಜಿ. ಬಸ್ಸಿನ ಮೇಲೆ ಹೋಗುತ್ತದೆ, ಲಗೇಜ್ ಟಿಕೆಟ್ ತಗೋಬೇಕು. ಇಲ್ಲಿಯವರೆಗೆ ಬೇರೆ ನಾಲ್ಕು ಸಭೆಗಳು ಒಯ್ದಿವೆ. ಬಾಡಿಗೆ ತಗೊಳ್ಳುವುದಿಲ್ಲ ಅಂತ ಸಭೆಯೇ ಕೈ ಎತ್ತಿ ತೀರ್ಮಾನ ಮಾಡಿದೆ, ಈ ಸಲ ಡೀಕನ್ ಕೂಡ ಪರವಾಗಿಯೇ ಎತ್ತಿದರು. ಬೇಕಾದವರು ಬಂದು ಒಯ್ಯಿರಿ. ಈಸ್ಟರ್ ವಾರ ಮಾತ್ರ ಜಮಖಂಡಿಯವರಿಗೆ ಮಾತು ಕೊಟ್ಟಾಗಿದೆ. ವಾಪಸ್ ತರುವಾಗ ಪೂರ್ತಿ ಒಣಗಿಸಿ ತನ್ನಿ. ಕಳೆದ ಸಲ ಒಯ್ದವರ ಹತ್ತಿರ ಮೂಲೆಯ ಎರಡು ನಟ್ ಬೋಲ್ಟ್ ಉಳಿದಿವೆ, ಯಾರು ಅಂತ ಅವರಿಗೆ ಗೊತ್ತು. ಡೀಕನ್ ಪ್ರತಿ ಭಾನುವಾರ ನನ್ನನ್ನು ಕೇಳುತ್ತಿದ್ದಾರೆ.